ಯಾರ ಎಡ, ಯಾರ ಬಲ?

ನಾಟಕದ ಬೆಳಕನ್ನು ಕುರಿತು ಬರೆದವರು ನಮ್ಮಲ್ಲಿ ಹಲವರಿದ್ದಾರೆ. ಆ ಬೆಳಕನ್ನು ಏರಿಸಿ ಇಳಿಸುವ ಬೆರಳನ್ನು ಕುರಿತು ಬರೆದವರು ಕಡಿಮೆ. ಸಭಾಂಗಣದಲ್ಲಿ ಕಡೆಯ ಸಾಲಿನ ಕುರ್ಚಿಗಳಿಗೂ ಹಿಂದೆ ಒಂದು ಮೇಜು, ಅದರ ಮೇಲೆ ದೀಪಗಳನ್ನೆಲ್ಲ ಹತೋಟಿಯಲ್ಲಿಡುವ ಹಲಗೆ. ರಂಗಭೂಮಿಯವರು ಅದನ್ನು ಕನ್ಸೋಲ್ ಎಂದು ಕರೆಯುತ್ತಾರೆ. ವೃತ್ತಿನಿರತರ ರಂಗಮಂದಿರದಲ್ಲಿ ಅದರ ಮುಂದೆ ಕೂರುವುದು ಪಳಗಿದ ಕೈ. ಕಾಲೇಜಿನ ನಾಟಕಗಳಲ್ಲಿ, ಹವ್ಯಾಸಿ ತಂಡಗಳಲ್ಲಿ ಕೂರುವವರು ಪಾತ್ರ ದೊರೆಯದ ವಿದ್ಯಾರ್ಥಿ, ಇಲ್ಲವೆ ಸಂಜೆಯ ಬಿಡುವನ್ನು ಕಲೆಗೆ ಮೀಸಲಿಟ್ಟ ಗುಮಾಸ್ತ. ವರ್ಷವರ್ಷವೂ ಹೊಸಬರು. ಆ ಹೊಸಬರಿಗೂ ಹಲಗೆಗೂ ನಡುವೆ ಸೇತುವೆಯಾಗಿರುವುದು ಬೆರಳಗಲದ ಒಂದು ಚೀಟಿ. ಅದರ ಮೇಲೆ ಏನನ್ನು ಬರೆಯಬೇಕೆಂಬುದು ವಿದ್ಯುತ್ತಿನ ಪ್ರಶ್ನೆಯಲ್ಲ, ಭಾಷೆಯ ಪ್ರಶ್ನೆ. ಕನ್ನಡ ಮೇಷ್ಟರಾದ ನಾನು ಇದರಲ್ಲಿ ಬಾಯಿಹಾಕುವುದು ಆ ಒಂದು ಬಲದಿಂದಲೇ.

ಹಿಂದೆ ಒಂದು ದೀಪಕ್ಕೆ ಒಂದು ಹಿಡಿ ಸಾಕಾಗಿತ್ತು. ಮೇಲಕ್ಕೆ ಸರಿಸಿದರೆ ಬೆಳಕು, ಕೆಳಕ್ಕೆ ಸರಿಸಿದರೆ ಕತ್ತಲು. ಈಗಿನ ಎಲ್‌ಇಡಿ ದೀಪಗಳ ಸಂಸಾರ ದೊಡ್ಡದು. ಹಲಗೆಯ ಅಪ್ಪಣೆ ದೀಪಕ್ಕೆ ಮುಟ್ಟುವುದು ಡಿಎಂಎಕ್ಸ್ 512 ಎಂಬ ಪದ್ಧತಿಯಿಂದ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಇದನ್ನು ರೂಪಿಸಿತು. ಒಂದೇ ತಂತಿಯ ಮೇಲೆ 512 ಚಾನೆಲ್‌ಗಳು. ಒಂದೊಂದರಲ್ಲಿಯೂ ಸೊನ್ನೆಯಿಂದ 255ರವರೆಗಿನ ಒಂದು ಅಂಕಿ. ಬೆಳಕಿನ ಪ್ರಮಾಣಕ್ಕೆ ಒಂದು, ಕೆಂಪಿಗೆ ಒಂದು, ಹಸಿರಿಗೆ ಒಂದು, ನೀಲಿಗೆ ಒಂದು, ಪಟಪಟನೆ ಮಿನುಗುವುದಕ್ಕೆ ಇನ್ನೊಂದು — ಹೀಗೆ ಒಂದು ದೀಪವೇ ಏಳು ಚಾನೆಲ್‌ಗಳನ್ನು ಬೇಡುವುದುಂಟು. ಇವುಗಳ ಕ್ರಮವಾದರೂ ಎಲ್ಲ ದೀಪಗಳಲ್ಲಿ ಒಂದೇ ಆಗಿದೆಯೆ? ಇಲ್ಲ, ಅದು ತಯಾರಕನ ಇಷ್ಟ. ಸಣ್ಣ ತಂಡಗಳ ಕೈಗೆಟಕುವ 192 ಚಾನೆಲ್‌ಗಳ ಹಲಗೆಯಲ್ಲಿ ದೀಪವನ್ನು ಆಯುವ ಗುಂಡಿಗಳು 12, ಒಂದೊಂದರ ಪಾಲಿಗೆ 16 ಚಾನೆಲ್. ಆದರೆ ಸರಿಸುವ ಫೇಡರುಗಳು ಎಂಟೇ. ಪುಟ ಬದಲಿಸುವ ಗುಂಡಿಯನ್ನು ಒತ್ತಿದೊಡನೆ ಒಂದನೆಯ ಫೇಡರು ಒಂಬತ್ತನೆಯದಾಗಿ, ಎಂಟನೆಯದು ಹದಿನಾರನೆಯದಾಗಿ ಬಿಡುತ್ತದೆ. ಶ್ಲೇಷೆ ಕಾವ್ಯಕ್ಕೆ ಭೂಷಣವಾಗಬಹುದು. ಕತ್ತಲಲ್ಲಿ ಕುಳಿತು ತಡವುವ ಬೆರಳಿಗೆ ಅದು ಭೂಷಣವಲ್ಲ.

ಕೆಲವು ವರ್ಷಗಳ ಕೆಳಗೆ ನಾನು ಬಲ್ಲ ವಿದ್ಯಾರ್ಥಿ ತಂಡವೊಂದು ಕುವೆಂಪು ಅವರ 'ಸ್ಮಶಾನ ಕುರುಕ್ಷೇತ್ರಂ' ನಾಟಕವನ್ನು ಆಡಿತು. ಯುದ್ಧ ಮುಗಿದ ರಣಭೂಮಿ, ರಾತ್ರಿ, ಮಂದವಾದ ನೀಲಿ ಬೆಳಕು. ಆ ಸಭಾಂಗಣದಲ್ಲಿ ಎರಡು ತಯಾರಿಕೆಯ ದೀಪಗಳಿದ್ದವು. ಒಂದರಲ್ಲಿ ನಾಲ್ಕನೆಯ ಫೇಡರು ನೀಲಿ. ಮತ್ತೊಂದರಲ್ಲಿ ಅದೇ ನಾಲ್ಕನೆಯದು ಮಿನುಗು. ಹಲಗೆಯ ಮೇಲೆ ಮಾತ್ರ ಅಂಕಿಗಳ ಹೊರತು ಒಂದಕ್ಷರವೂ ಇರಲಿಲ್ಲ. ಎರಡನೆಯ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ ನೀಲಿಯನ್ನು ತುಸು ಏರಿಸಲೆಂದು ನಾಲ್ಕನೆಯದನ್ನು ಸರಿಸಿದಳು. ಹೆಣಗಳು ಮಲಗಿದ್ದ ಕುರುಕ್ಷೇತ್ರ ಜಾತ್ರೆಯ ಅಂಗಡಿಯಂತೆ ಮಿಣಮಿಣನೆ ಕುಣಿಯಿತು. ಸಭೆ ನಕ್ಕಿತು. ನಾಟಕ ಮುಗಿದ ಮೇಲೆ ಎಲ್ಲರ ಕಣ್ಣೂ ಆಕೆಯ ಮೇಲೆ. ಹಲಗೆಯನ್ನು ನೋಡಿದವರು ಒಬ್ಬರೂ ಇಲ್ಲ. ಮರುವರ್ಷ ಆಕೆ ತಂಡದ ಕಡೆ ಸುಳಿಯಲಿಲ್ಲ. ಮಾತು ಮರೆತ ನಟನಿಗೆ ಪಕ್ಕದ ಪರದೆಯ ಮರೆಯಲ್ಲಿ ಒಬ್ಬ ಪ್ರಾಂಪ್ಟರನಾದರೂ ಇರುತ್ತಾನೆ. ಈ ಹುಡುಗಿಗೆ ಆ ಚೀಟಿಯೂ ಇರಲಿಲ್ಲ.

ಮುಂದಿನ ನಾಟಕದ ವೇಳೆಗೆ ಹುಡುಗರು ತಾವೇ ಚೀಟಿಗಳ ಪಟ್ಟಿಯೊಂದನ್ನು ಬರೆದು ನನಗೆ ತಂದು ತೋರಿಸಿದರು: 'ಎಡ ಮುಂದೆ', 'ಬಲ ಹಿಂದೆ', ಹೀಗೆ. ದೀಪದ ಹೆಸರನ್ನು ಬಿಟ್ಟು ದೀಪ ಬೆಳಗುವ ಸ್ಥಳವನ್ನು ಹೆಸರಿಸಿದ್ದು ಸರಿಯಾದ ದಾರಿ. ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರ ತಮ್ಮ ಗ್ರಂಥದಲ್ಲಿ ರಂಗವನ್ನು ಕ್ಷೇತ್ರಗಳನ್ನಾಗಿ ವಿಂಗಡಿಸಿ, ಒಂದೊಂದಕ್ಕೂ ಎರಡು ಕಡೆಯಿಂದ ಬೆಳಕು ಹಾಯಿಸುವ ಕ್ರಮವನ್ನು ಹೇಳಿದ ಮೇಲೆ ಈ ಬಗೆಯ ಆಲೋಚನೆ ಎಲ್ಲೆಡೆ ರೂಢಿಯಾಗಿದೆ. ಆದರೆ ಪಟ್ಟಿಯನ್ನು ಓದುತ್ತಿದ್ದಂತೆಯೇ ಹಿಂದೆ ನಿಂತಿದ್ದ ಹುಡುಗನೊಬ್ಬ, "ಯಾರ ಎಡ, ಸಾರ್?" ಎಂದು ಕೇಳಿದ.

ಎಂಥ ಪ್ರಶ್ನೆ! ರಂಗದ ಸಂಪ್ರದಾಯದಲ್ಲಿ ಎಡಬಲಗಳು ಸಭೆಗೆ ಮುಖಮಾಡಿ ನಿಂತ ನಟನವು. ಸಭೆಯ ಹಿಂದೆ ಕುಳಿತವರಿಗೆ ಅವು ತಿರುಗುಮುರುಗು. ಪಳಗಿದವರು ಯೋಚಿಸದೆಯೇ ಅದಲುಬದಲು ಮಾಡಿಕೊಳ್ಳುತ್ತಾರೆ. ನಿನ್ನೆ ಬಂದವರು ಯೋಚಿಸುವಷ್ಟರಲ್ಲಿ ಪಾತ್ರವೇ ನೇಪಥ್ಯ ಸೇರಿರುತ್ತದೆ. ಭರತಮುನಿ ಈ ತೊಡಕನ್ನು ಕಂಡಿದ್ದನೆಂದೇ ತೋರುತ್ತದೆ. ನೇಪಥ್ಯದ ಬಾಗಿಲುಗಳೂ ಭಾಂಡವಾದ್ಯಗಳೂ ಯಾವ ಕಡೆಗೆ ಮುಖಮಾಡಿವೆಯೋ ಆ ದಿಕ್ಕೇ ನಾಟ್ಯಪ್ರಯೋಗದಲ್ಲಿ ಪೂರ್ವವೆಂದು ನಾಟ್ಯಶಾಸ್ತ್ರದ ಕಕ್ಷ್ಯಾವಿಭಾಗದಲ್ಲಿ ಹೇಳಿದೆ. ಸೂರ್ಯ ಎಲ್ಲಿಯಾದರೂ ಹುಟ್ಟಲಿ, ನೋಡುವವನು ಎಲ್ಲಿಯಾದರೂ ಕೂರಲಿ. ಎಲ್ಲರ ಕಣ್ಣಿಗೂ ಬೀಳುವ ವಸ್ತುವೊಂದನ್ನು ಹಿಡಿದು ದಿಕ್ಕು ಗೊತ್ತುಮಾಡಿದರೆ ಜಗಳವಿಲ್ಲ. ನಾವೂ ಹಾಗೆಯೇ ಮಾಡಿದೆವು. ರಂಗದ ಒಂದು ಪಕ್ಕಕ್ಕೆ ಹಾರ್ಮೋನಿಯಂ ಇರುತ್ತದೆ, ಇನ್ನೊಂದು ಪಕ್ಕಕ್ಕೆ ಅಂಗಳಕ್ಕೆ ತೆರೆಯುವ ಬಾಗಿಲು. ಎಡಬಲಗಳು ಹೋಗಿ 'ಪೆಟ್ಟಿಗೆ', 'ಬಾಗಿಲು' ಬಂದವು.

'ಮುಂದೆ', 'ಹಿಂದೆ' ಎಂಬ ಜೋಡಿಯನ್ನೂ ಬಿಡಿಸಬೇಕಾಯಿತು. ಬಾಯಲ್ಲಿ ಇವು ಬೇರೆ ಬೇರೆ. ಅರೆಗತ್ತಲಲ್ಲಿ ಕಣ್ಣಿಗೆ ಎರಡರ ಬಾಲವೂ ಒಂದೇ. ಮುಂದಕ್ಕೆ 'ಅಂಚು' ಎಂದೂ ಹಿಂದಕ್ಕೆ 'ಪರದೆ' ಎಂದೂ ಬರೆದೆವು. ಒತ್ತಕ್ಷರಗಳನ್ನು ಸಾಧ್ಯವಾದಷ್ಟು ದೂರವಿಟ್ಟೆವು. ಸಣ್ಣ ಚೀಟಿಯಲ್ಲಿ ಅವು ಮಸಿಯ ಉಂಡೆಗಳಾಗುತ್ತವೆ. ಬಣ್ಣದ ಶಾಯಿಯಲ್ಲಿ ಬರೆದರೆ ಚೆನ್ನವೆಂದು ಒಬ್ಬಾಕೆ ಸೂಚಿಸಿದಳು. ಮೇಜಿನ ಪುಟ್ಟ ದೀಪ ಕೆಂಪಾದರೆ ಕೆಂಪು ಶಾಯಿ ಬಿಳಿಯ ಕಾಗದದಲ್ಲಿ ಕರಗಿ ಮಾಯವಾಗುತ್ತದೆ, ನೀಲಿಯಾದರೆ ಅದೇ ಶಾಯಿ ಕಪ್ಪಾಗಿ ಕಾಣುತ್ತದೆ. ಆದುದರಿಂದ ಕಪ್ಪು ಶಾಯಿಯೇ ನಿಂತಿತು. ದೀಪ ಕಟ್ಟುವುದರಲ್ಲಿ ನುರಿತ ಗೆಳೆಯರೊಬ್ಬರು, ಹೆಸರುಗಳು ಹುಡುಗರನ್ನು ಸೋಮಾರಿಗಳನ್ನಾಗಿ ಮಾಡುತ್ತವೆ, ಅಂಕಿಗಳನ್ನೇ ಕಲಿಯಲಿ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮೂರು ಸಂಜೆಗಳ ಅಭ್ಯಾಸಕ್ಕೆ ಬರುವವರನ್ನು ಮೂರು ವರ್ಷದ ಶಿಷ್ಯವೃತ್ತಿಗೆ ಕೂರಿಸುವುದು ನ್ಯಾಯವಲ್ಲ. ಆದರೂ ಅವರ ಮಾತಿನಲ್ಲಿ ಒಂದು ತಥ್ಯವಿತ್ತು: ಏಣಿ ಹತ್ತಿ ದೀಪ ರಿಪೇರಿ ಮಾಡುವವನಿಗೆ ಅಂಕಿ ಬೇಕೇ ಬೇಕು. ಚೀಟಿಯ ಮೂಲೆಯಲ್ಲಿ ಅದನ್ನೂ ಸಣ್ಣದಾಗಿ ಉಳಿಸಿಕೊಂಡೆವು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದುದು ಎಲ್ಲ ದೀಪಗಳನ್ನೂ ಒಮ್ಮೆಗೆ ನಂದಿಸುವ ಗುಂಡಿಯ ಹೆಸರು. ಮೊದಲ ಕರಡಿನಲ್ಲಿ 'ಆರಿಸು' ಎಂದಿತ್ತು. ದೀಪವನ್ನು ಆಯ್ದುಕೊಳ್ಳುವ ಹನ್ನೆರಡು ಗುಂಡಿಗಳ ನೆತ್ತಿಯ ಮೇಲೂ ಮತ್ತೊಬ್ಬನು 'ಆರಿಸು' ಎಂದೇ ಬರೆದಿದ್ದ! ಇಬ್ಬರ ಕನ್ನಡವೂ ಶುದ್ಧ. ಇಬ್ಬರನ್ನೂ ನಂಬಿದವರ ಗತಿ ಮಾತ್ರ ದೇವರಿಗೇ ಪ್ರೀತಿ. 'ಬೆಳಗು' ಎಂಬ ಮಾತಿಗೂ ಇದೇ ದೋಷ. ಅದು ಉಷಃಕಾಲವೋ ಅಪ್ಪಣೆಯೋ ಚೀಟಿ ಹೇಳದು. ಕಡೆಗೆ ಕ್ರಿಯಾಪದಗಳನ್ನೆಲ್ಲ ಕೈಬಿಟ್ಟು ಆ ಗುಂಡಿಗೆ 'ಕತ್ತಲೆ' ಎಂದು ಬರೆದರು. ಅದರ ಮೇಲೆ ಬೆಂಕಿಪೊಟ್ಟಣದ ಒಳಗೂಡೊಂದನ್ನು ಕವಿಚಿಟ್ಟಿದ್ದಾರೆ. ಕೊನೆಯ ದೃಶ್ಯದವರೆಗೆ ಅದನ್ನು ಯಾರೂ ಎತ್ತುವಂತಿಲ್ಲ.