ಪರಿಚಿತ ಪದ, ಅಪರಿಚಿತ ಅರ್ಥ: ರಷ್ಯನ್ ಭಾಷಿಕರ ಉನ್ನತ ಇಂಗ್ಲಿಷ್ ಪದಕಲಿಕೆ

ಅನ್ಯಭಾಷೆಯೊಂದರ ಆರಂಭಿಕ ಕಲಿಕೆಯಲ್ಲಿ ವಿದ್ಯಾರ್ಥಿಯನ್ನು ಕಾಡುವುದು ಗೊತ್ತಿಲ್ಲದ ಪದ. ಉನ್ನತ ಹಂತದಲ್ಲಾದರೋ ಅವನನ್ನು ಕಾಡುವುದು ಗೊತ್ತಿದೆಯೆಂದು ತಿಳಿದುಕೊಂಡ ಪದ. ರಷ್ಯನ್ ಮಾತೃಭಾಷೆಯ ವಿದ್ಯಾರ್ಥಿಗಳ ಇಂಗ್ಲಿಷ್ ಕಲಿಕೆ ಈ ಮಾತಿಗೆ ಉತ್ತಮ ನಿದರ್ಶನ. ಎರಡೂ ಭಾಷೆಗಳು ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿವೆ. ಎರಡೂ ಗ್ರೀಕ್, ಲ್ಯಾಟಿನ್ ಹಾಗೂ ಫ್ರೆಂಚ್ ಮೂಲಗಳಿಂದ ಧಾರಾಳವಾಗಿ ಪದಗಳನ್ನು ಪಡೆದಿವೆ. ಈ ಸಾಮ್ಯವು ಕಲಿಕೆಗೆ ಎಷ್ಟು ಸಹಾಯಕವೋ ಅಷ್ಟೇ ಅಪಾಯಕಾರಿಯೂ ಹೌದು.

ರೂಪದಲ್ಲಿ ಒಂದಾಗಿದ್ದು ಅರ್ಥದಲ್ಲಿ ಬೇರೆಯಾಗುವ ಪದಗಳನ್ನು ಭಾಷಾಂತರಕಾರನ ಹುಸಿ ಮಿತ್ರರು ಎಂದು ಕರೆಯುವ ವಾಡಿಕೆಯಿದೆ. 1928ರಲ್ಲಿ ಫ್ರಾನ್ಸಿನ ಕೆಸ್ಲರ್ ಮತ್ತು ದೆರೊಕಿನ್ಯಿ ಎಂಬ ವಿದ್ವಾಂಸರ ಕೃತಿಯಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಸೋವಿಯತ್ ಒಕ್ಕೂಟದಲ್ಲಿ ಅಕುಲೆಂಕೊ ಅವರ ನೇತೃತ್ವದಲ್ಲಿ 1969ರಲ್ಲಿ ಇಂತಹ ಪದಗಳ ಇಂಗ್ಲಿಷ್-ರಷ್ಯನ್ ನಿಘಂಟೇ ಪ್ರಕಟವಾಯಿತು. ರಷ್ಯನ್ನಿನ ‘ಮಗಜೀನ್’ ಎಂದರೆ ನಿಯತಕಾಲಿಕವಲ್ಲ, ಅಂಗಡಿ. ‘ಫಮೀಲಿಯಾ’ ಎಂದರೆ ಕುಟುಂಬವಲ್ಲ, ಕುಲನಾಮ. ‘ದೆಕಾದಾ’ ಹತ್ತು ವರ್ಷವಲ್ಲ, ಹತ್ತು ದಿನ. ‘ಅಕ್ಕುರಾತ್ನಿ’ ಎಂಬವನು ಕರಾರುವಾಕ್ಕಾದವನಲ್ಲ, ಅಚ್ಚುಕಟ್ಟಾದವನು. ‘ಪ್ರೆಜೆರ್ವತೀವ್’ ಆಹಾರ ಕೆಡದಂತೆ ಬೆರೆಸುವ ವಸ್ತುವಲ್ಲ, ಗರ್ಭನಿರೋಧಕ ಸಾಧನ. ಚೈಕೋವ್‌ಸ್ಕಿ 1893ರಲ್ಲಿ ಪೂರ್ಣಗೊಳಿಸಿದ ಆರನೆಯ ಸಿಂಫನಿ ರಷ್ಯನ್ನಿನಲ್ಲಿ ‘ಪತೆತೀಚೆಸ್ಕಯಾ’ ಎಂದು ಪ್ರಸಿದ್ಧವಾಗಿದೆ. ಅಲ್ಲಿ ಆ ಪದ ಭಾವೋತ್ಕಟವಾದುದನ್ನು ಸೂಚಿಸುತ್ತದೆ. ಅದನ್ನು ಇಂಗ್ಲಿಷಿನ ‘ಪೆಥೆಟಿಕ್’ ಎಂದು ಅನುವಾದಿಸಿದರೆ ಮೇರುಕೃತಿಯೊಂದು ಕನಿಕರಕ್ಕೆ ಪಾತ್ರವಾದ ಕೃತಿಯಾಗಿಬಿಡುತ್ತದೆ.

ಈ ತೊಡಕು ಕನ್ನಡಿಗರಿಗೆ ಹೊಸದೇನಲ್ಲ. ಸಂಸ್ಕೃತಮೂಲದ ‘ಉಪನ್ಯಾಸ’ ಕನ್ನಡದಲ್ಲಿ ಭಾಷಣವಾದರೆ ಹಿಂದಿಯಲ್ಲಿ ಕಾದಂಬರಿ. ‘ಅವಕಾಶ’ ಅಲ್ಲಿ ರಜೆ. ಇಲ್ಲಿನ ‘ಶಿಕ್ಷೆ’ ಅಲ್ಲಿ ವಿದ್ಯಾಭ್ಯಾಸ. ಮೂಲ ಒಂದೇ ಆದರೂ ಬಳಸಿದ ಸಮುದಾಯದ ಬದುಕು ಪದದ ಅರ್ಥವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಆದರೆ ಸಾಮ್ಯವೆಲ್ಲ ಹುಸಿಯಲ್ಲ. ರಷ್ಯನ್ ಸಾಹಿತ್ಯಭಾಷೆ, ವಿಶೇಷವಾಗಿ 18ನೆಯ ಶತಮಾನದಲ್ಲಿ, ಪಾಶ್ಚಾತ್ಯ ಪದಗಳನ್ನು ಭಾಗಭಾಗವಾಗಿ ಬಿಡಿಸಿ ಸ್ವಂತ ಧಾತುಗಳಿಂದ ಮರುನಿರ್ಮಿಸಿಕೊಂಡಿತು. ‘ವ್ಪೆಚತ್ಲೇನಿಯೆ’ ಎಂಬ ಪದದಲ್ಲಿ ‘ಒಳಗೆ’ ಮತ್ತು ‘ಅಚ್ಚು’ ಎಂಬ ಅರ್ಥಗಳಿವೆ. ಇಂಗ್ಲಿಷಿನ ‘ಇಂಪ್ರೆಶನ್’ ಪದದ ರಚನೆಯೂ ಅದೇ. ‘ವ್ಲಿಯಾನಿಯೆ’ ಒಳಗೆ ಹರಿಯುವುದು. ‘ಇನ್‌ಫ್ಲುಯೆನ್ಸ್’ ಕೂಡ ಅಷ್ಟೇ. ಕೀಟವನ್ನು ಸೂಚಿಸುವ ‘ನಸೆಕೋಮೊಯೆ’ ಮತ್ತು ‘ಇನ್‌ಸೆಕ್ಟ್’ ಎರಡರಲ್ಲಿಯೂ ಕತ್ತರಿಸಲ್ಪಟ್ಟ ದೇಹದ ಕಲ್ಪನೆಯಿದೆ. ‘ಪ್ರೆದ್ಮೇತ್’ ಮತ್ತು ‘ಆಬ್ಜೆಕ್ಟ್’ ಎರಡೂ ಎದುರಿಗೆ ಎಸೆದದ್ದು ಎಂಬ ಚಿತ್ರವನ್ನೇ ಹೊತ್ತಿವೆ. ಈ ಒಳರಚನೆಯನ್ನು ತೋರಿಸಿಕೊಟ್ಟಲ್ಲಿ ಪಾಂಡಿತ್ಯದ ಇಂಗ್ಲಿಷ್ ಪದಗಳು ರಷ್ಯನ್ ವಿದ್ಯಾರ್ಥಿಗೆ ಕಂಠಪಾಠದ ಹೊರೆಯಾಗದೆ ಸ್ವಂತ ಮನೆಯ ಪದಗಳ ನೆರಳಿನಂತೆ ಕಾಣುತ್ತವೆ. ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಶೈಕ್ಷಣಿಕ ಪದಪಟ್ಟಿಯಲ್ಲಿ ಗ್ರೀಕ್-ಲ್ಯಾಟಿನ್ ಮೂಲದವೇ ಬಹುಪಾಲು ಎಂಬುದನ್ನು ಗಮನಿಸಿದರೆ ಈ ಮಾರ್ಗದ ಪ್ರಯೋಜನ ಸ್ಪಷ್ಟವಾಗುತ್ತದೆ.

ವಿಚಿತ್ರವೆಂದರೆ ಇಂತಹ ವಿದ್ಯಾರ್ಥಿಗೆ ಘನವಾದ ಪದಗಳಿಗಿಂತ ‘ಗಿವ್ ಅಪ್’, ‘ಪುಟ್ ಅಪ್ ವಿತ್’ ಮೊದಲಾದ ಸಣ್ಣ ಪದಗಳ ಜೋಡಣೆಗಳೇ ಕಠಿಣ. ರಷ್ಯನ್ನಿನಲ್ಲಿ ಕ್ರಿಯೆಯ ದಿಕ್ಕನ್ನೂ ಪೂರ್ಣತೆಯನ್ನೂ ಧಾತುವಿನ ಹಿಂದೆ ಹತ್ತುವ ಉಪಸರ್ಗ ಸೂಚಿಸುತ್ತದೆ: ‘ವ್ಖದೀತ್’ ಒಳಹೋಗು, ‘ವಿಖದೀತ್’ ಹೊರಹೋಗು, ‘ಪೆರೆಖದೀತ್’ ದಾಟು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಧಾತುವಿನ ಮುಂದೆ ಬಿಡಿಯಾಗಿ ನಿಲ್ಲುವ ಅವ್ಯಯ ಮಾಡುತ್ತದೆ. ಹಾಗಾಗಿ ವಿದ್ಯಾರ್ಥಿ ಅವನ್ನು ತಪ್ಪಿಸಿ ಒಂಟಿಪದದ ಲ್ಯಾಟಿನ್ ಕ್ರಿಯಾಪದಗಳ ಮೊರೆಹೋಗುತ್ತಾನೆ. ಅವನ ಆಡುಮಾತು ಗ್ರಂಥಸ್ಥವಾಗಿ ಕೇಳಿಸುತ್ತದೆ. ಪದಗಳ ಒಡನಾಟವೂ ಇಂತಹುದೇ ಸಮಸ್ಯೆ. ರಷ್ಯನ್ನಿನಲ್ಲಿ ಮಳೆ ‘ಬಲವಾದುದು’, ಇಂಗ್ಲಿಷಿನಲ್ಲಿ ‘ಭಾರವಾದುದು’. ರಷ್ಯನ್ನರು ನಿರ್ಧಾರವನ್ನು ‘ಸ್ವೀಕರಿಸಿದರೆ’ ಇಂಗ್ಲಿಷರು ‘ಮಾಡುತ್ತಾರೆ’. ಆದುದರಿಂದ ಉನ್ನತ ಹಂತದಲ್ಲಿ ಕಲಿಯಬೇಕಾದ ಘಟಕ ಬಿಡಿಪದವಲ್ಲ, ಪದಬಂಧ.

ಪದಬಂಧಗಳಲ್ಲಿ ಅತ್ಯಂತ ಗಟ್ಟಿಯಾದವು ನುಡಿಗಟ್ಟುಗಳು ಮತ್ತು ಗಾದೆಗಳು. ಜಾನಪದ ಅಧ್ಯಯನವು ಭಾಷಾಬೋಧನೆಗೆ ನೆರವಾಗುವುದು ಇಲ್ಲಿಯೇ. ವ್ಲದೀಮಿರ್ ದಾಲ್ 1862ರಲ್ಲಿ 30,000ಕ್ಕೂ ಹೆಚ್ಚು ರಷ್ಯನ್ ಗಾದೆ-ನುಡಿಗಳ ಸಂಕಲನವನ್ನು ಹೊರತಂದರು. ಅಲೆಕ್ಸಾಂಡರ್ ಕೂನಿನ್ ಅವರ ಇಂಗ್ಲಿಷ್-ರಷ್ಯನ್ ನುಡಿಗಟ್ಟುಗಳ ನಿಘಂಟು 1955ರಲ್ಲಿ ಬಂದಿತು. ಗ್ರಿಗೋರಿ ಪೆರ್ಮ್ಯಕೋವ್ ಅವರು 1970ರ ದಶಕದಲ್ಲಿ ಮಾಸ್ಕೋ ನಿವಾಸಿಗಳಿಗೆ ನಿಜವಾಗಿ ತಿಳಿದಿರುವ ಗಾದೆಗಳಾವುವು ಎಂದು ಪರೀಕ್ಷಿಸಿ, ಭಾಷೆ ಕಲಿಯುವವನಿಗೆ ಅಗತ್ಯವಾದ ಕನಿಷ್ಠ ಗಾದೆಸಂಪತ್ತಿನ ಪರಿಕಲ್ಪನೆಯನ್ನು ರೂಪಿಸಿದರು. ಸಂಗ್ರಹದ ಗಾತ್ರಕ್ಕಿಂತ ಬಳಕೆಯ ಜೀವಂತಿಕೆ ಮುಖ್ಯವೆಂಬುದು ಇದರ ತಿರುಳು.

ಇಂಗ್ಲಿಷರು ಮೊಟ್ಟೆಯೊಡೆಯುವ ಮುನ್ನ ಮರಿಗಳನ್ನು ಎಣಿಸಬೇಡವೆನ್ನುತ್ತಾರೆ. ರಷ್ಯನ್ನರು ಕೋಳಿಮರಿಗಳನ್ನು ಶರತ್ಕಾಲದಲ್ಲಿ ಎಣಿಸುತ್ತಾರೆ ಎನ್ನುತ್ತಾರೆ. ಕನ್ನಡಿಗರು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಕಥೆ ಹೇಳುತ್ತಾರೆ. ಮೊದಲ ಎರಡರಲ್ಲಿ ಚಿತ್ರ ಹತ್ತಿರ, ಮೂರರಲ್ಲಿಯೂ ತಾತ್ಪರ್ಯ ಹತ್ತಿರ. ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಒಯ್ಯುವ ಇಂಗ್ಲಿಷ್ ಮಾತಿಗೆ ತುಲಾ ನಗರಕ್ಕೆ ಸಮೋವಾರ್ ಒಯ್ಯುವ ರಷ್ಯನ್ ಮಾತು ಸಮಾನ. ಇಲ್ಲಿ ಊರಿನ ಕಸುಬೇ ಗಾದೆಯಾಗಿದೆ. ಆದರೆ ‘ಕರಡಿಯ ಉಪಕಾರ’ ಎಂಬ ರಷ್ಯನ್ ನುಡಿಗಟ್ಟನ್ನು ಇಂಗ್ಲಿಷಿಗೆ ಅಕ್ಷರಶಃ ತಂದರೆ ಓದುಗನಿಗೆ ಏನೂ ತಿಳಿಯದು. ಇದು ಮಲಗಿದ್ದ ಗೆಳೆಯನ ಮೇಲೆ ಕುಳಿತ ನೊಣವನ್ನು ಕೊಲ್ಲಲು ಕಲ್ಲೆಸೆದು ಗೆಳೆಯನನ್ನೇ ಕೊಂದ ಕರಡಿಯ ನೀತಿಕಥೆಯಿಂದ ಬಂದುದು. ಇವಾನ್ ಕ್ರಿಲೋವ್ ಅದನ್ನು ರಷ್ಯನ್ನಿನಲ್ಲಿ ಮನೆಮಾತಾಗಿಸಿದರು; ಅವರಿಗೂ ಮೊದಲು ಫ್ರಾನ್ಸಿನ ಲಾ ಫೊಂತೇನ್ ಅದನ್ನು ಹೇಳಿದ್ದರು. ಪಂಚತಂತ್ರದಲ್ಲಿ ಅರಸನನ್ನು ಕಾಯುತ್ತಿದ್ದ ಮೂರ್ಖ ಕೋತಿ ಕತ್ತಿ ಬೀಸಿದ ಕಥೆ ಇದೇ ಆಶಯದ್ದು. ಭಾರತದಲ್ಲಿ ಪರಿಚಿತವಾದ ಆಶಯವೊಂದು ರಷ್ಯನ್ನಿನಲ್ಲಿ ನುಡಿಗಟ್ಟಾಗಿ ನೆಲೆಸಿತು. ಇಂಗ್ಲಿಷಿನಲ್ಲಿ ಹಾಗೆ ನೆಲೆಸಲಿಲ್ಲ.

ಇದು ಕೇವಲ ತರಗತಿಯ ಪ್ರಶ್ನೆಯಲ್ಲ. 1956ರ ನವೆಂಬರ್ 18ರಂದು ಮಾಸ್ಕೋದ ಪೋಲೆಂಡ್ ರಾಯಭಾರ ಕಚೇರಿಯಲ್ಲಿ ನಿಕಿತಾ ಕ್ರುಶ್ಚೇವ್ ಪಾಶ್ಚಾತ್ಯ ರಾಯಭಾರಿಗಳಿಗೆ ‘ನಿಮ್ಮನ್ನು ಹೂಳುತ್ತೇವೆ’ ಎಂದರು. ನೀವು ಅಳಿದ ಮೇಲೂ ನಾವು ಉಳಿದಿರುತ್ತೇವೆ ಎಂಬ ಧ್ವನಿ ರಷ್ಯನ್ನಿನಲ್ಲಿ ಸಾಧ್ಯವಿತ್ತು; ಅಕ್ಷರಶಃ ಅನುವಾದವನ್ನು ಓದಿದ ಜಗತ್ತಿಗೆ ಅದು ಅಣ್ವಸ್ತ್ರ ಬೆದರಿಕೆಯಾಗಿ ಕೇಳಿಸಿತು. ಕ್ರುಶ್ಚೇವ್ ಮುಂದೆ ಆ ಮಾತಿಗೆ ವಿವರಣೆ ನೀಡಬೇಕಾಯಿತು.

ವಿದ್ವತ್ ಲೋಕದಲ್ಲಿಯೂ ಇಂತಹ ಪರಿಣಾಮಗಳುಂಟು. ವ್ಲದೀಮಿರ್ ಪ್ರಾಪ್ ಅವರ ಪ್ರಸಿದ್ಧ ಕೃತಿ 1928ರಲ್ಲಿ ರಷ್ಯನ್ನಿನಲ್ಲಿ, 1958ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅವರು ವಿಶ್ಲೇಷಿಸಿದ್ದು ‘ವಲ್ಶೇಬ್ನಯಾ ಸ್ಕಾಜ್ಕಾ’ ಎಂಬ ಅದ್ಭುತ ಕಥಾಪ್ರಕಾರವನ್ನು ಮಾತ್ರ. ಮೂಲದ ಶೀರ್ಷಿಕೆಯಿಂದಲೇ ‘ಅದ್ಭುತ’ ಎಂಬ ವಿಶೇಷಣವನ್ನು ಸಂಪಾದಕರು ಕೈಬಿಟ್ಟಿದ್ದರೆಂದು ಪ್ರಾಪ್ ಮುಂದೆ ಸ್ಪಷ್ಟಪಡಿಸಿದರು. ಇಂಗ್ಲಿಷಿನಲ್ಲಿ ‘ಸ್ಕಾಜ್ಕಾ’ ಎಂಬುದು ಇನ್ನೂ ವಿಶಾಲವಾದ ‘ಫೋಕ್‌ಟೇಲ್’ ಆಯಿತು. ಕರ್ನಾಟಕದ ಜಾನಪದ ಸಂಶೋಧನೆಗೆ ಪ್ರಾಪ್ ದೊರೆತದ್ದು ಮುಖ್ಯವಾಗಿ ಇಂಗ್ಲಿಷಿನ ಮೂಲಕ. ಅದ್ಭುತ ಕಥೆಗಳಿಗೆಂದು ರೂಪಿಸಿದ 31 ಕ್ರಿಯಾಘಟಕಗಳನ್ನು ಎಲ್ಲ ಬಗೆಯ ಜನಪದ ಕಥೆಗಳಿಗೂ ಅನ್ವಯಿಸಲು ಹೊರಟಾಗ ಎದುರಾಗುವ ತೊಡಕಿನ ಒಂದು ಬೇರು ಈ ಪದದಲ್ಲಿಯೇ ಇದೆ.

ಒಟ್ಟಾರೆಯಾಗಿ, ಉನ್ನತ ಪದಕಲಿಕೆಯೆಂದರೆ ಪಟ್ಟಿಯ ಉದ್ದವನ್ನು ಹೆಚ್ಚಿಸುವುದಲ್ಲ. ಯಾವ ಸಾಮ್ಯವನ್ನು ನಂಬಬೇಕು, ಯಾವುದನ್ನು ಶಂಕಿಸಬೇಕು ಎಂಬ ವಿವೇಕವನ್ನು ಬೆಳೆಸುವುದು. ಪದದ ಧಾತು, ಒಡನಾಡಿ ಪದಗಳು ಮತ್ತು ಬೆನ್ನಿಗಿರುವ ಕಥೆ ಈ ಮೂರನ್ನೂ ವಿಚಾರಿಸುವ ಅಭ್ಯಾಸವೇ ಅದಕ್ಕೆ ದಾರಿ. ರಷ್ಯನ್ ವಿದ್ಯಾರ್ಥಿಗೆ ಒದಗುವ ಈ ಎಚ್ಚರ, ಅವನ ಇಂಗ್ಲಿಷನ್ನು ನೆಚ್ಚಿ ರಷ್ಯನ್ ವಿದ್ವತ್ತನ್ನು ಅರಿಯುವ ಕನ್ನಡದ ಓದುಗನಿಗೂ ಅಷ್ಟೇ ಅಗತ್ಯ.