ಇಂಧನಕ್ಕೆ ಗಾಳಿಯ ಕಾವಲು

ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗವು ತಾನಾಗಿಯೇ ನಿಲ್ಲುವುದೆಂಬುದನ್ನು ವಡಗಾವಿಯ ನೇಕಾರರ ಮಕ್ಕಳು ಚೆನ್ನಾಗಿ ಬಲ್ಲರು. ಆಧಾರ ತಪ್ಪಿದೊಡನೆ ಕಾರ್ಯವನ್ನು ತಡೆಯುವ ಈ ತತ್ತ್ವವೇ ಪೆಟ್ರೋಲ್, ಡೀಸೆಲ್‌ಗಳ ಹರಿವನ್ನು ಕಾಯುವ ವಾಯುಚಾಲಿತ ಕವಾಟದಲ್ಲಿಯೂ ಅಡಗಿದೆ.

ಕೊಳವೆಯ ನಡುವೆ ರಂಧ್ರವುಳ್ಳ ಉಕ್ಕಿನ ಗುಂಡೊಂದಿರುತ್ತದೆ. ರಂಧ್ರವು ಕೊಳವೆಗೆ ನೇರವಾಗಿದ್ದರೆ ಇಂಧನ ಹರಿಯುತ್ತದೆ. ಗುಂಡು ಕಾಲು ಸುತ್ತು ತಿರುಗಿದರೆ ನಿಲ್ಲುತ್ತದೆ. ಒತ್ತಡದ ಗಾಳಿಯು ಸಿಲಿಂಡರಿನೊಳಗಿನ ಪಿಸ್ಟನ್ನನ್ನು ನೂಕಿ, ಸ್ಪ್ರಿಂಗನ್ನು ಅದುಮಿ, ಕವಾಟವನ್ನು ತೆರೆದಿಡುತ್ತದೆ. ಗಾಳಿಯನ್ನು ಹೊರಬಿಟ್ಟರೆ, ಇಲ್ಲವೆ ಗಾಳಿಯ ನಳಿಕೆಯೇ ಒಡೆದರೆ, ಸ್ಪ್ರಿಂಗು ಹಿಗ್ಗಿ ಕವಾಟವನ್ನು ಮುಚ್ಚುತ್ತದೆ. ಥಟ್ಟನೆ ಮುಚ್ಚಿದರೆ ದ್ರವದ ಹೊಡೆತಕ್ಕೆ ಕೊಳವೆ ಸಿಡಿದೀತೆಂದು ಗಾಳಿಯನ್ನು ಸಣ್ಣ ರಂಧ್ರದಿಂದ ಹದವರಿತು ಬಿಡುವರು.

2009ರ ಅಕ್ಟೋಬರ್ 29ರಂದು ಜಯಪುರದ ಇಂಡಿಯನ್ ಆಯಿಲ್ ಸಂಗ್ರಹಾಗಾರದಲ್ಲಿ ಪೆಟ್ರೋಲ್ ಸೋರತೊಡಗಿತು. ಆವಿಯಿಂದ ಅಸ್ವಸ್ಥರಾದ ನೌಕರರಿಗೆ ಕವಾಟವನ್ನು ಮುಚ್ಚಲಾಗಲಿಲ್ಲ. ಸೋರಿಕೆಯು ಒಂದು ಗಂಟೆಗೂ ಮೀರಿ ನಡೆದು, ಬೆಂಕಿ ಹೊತ್ತಿ 11 ಮಂದಿ ಮಡಿದರು. ತನಿಖೆ ನಡೆಸಿದ ಎಂ. ಬಿ. ಲಾಲ್ ಸಮಿತಿಯು, ದೂರದಿಂದಲೇ ಮುಚ್ಚಬಲ್ಲ ಕವಾಟಗಳನ್ನು ತೊಟ್ಟಿಗಳಿಗೆ ಅಳವಡಿಸಬೇಕೆಂದು ಸೂಚಿಸಿತು.

ಆದರೆ ಬಹುಕಾಲ ಅಲುಗದ ಗುಂಡು ಕಚ್ಚಿಕೊಳ್ಳುವುದುಂಟು. ಆಗ ಸ್ಪ್ರಿಂಗಿನ ಬಲವೂ ಸಾಲದು. ಆದಕಾರಣ ಅದನ್ನು ಆಗಾಗ ಮುಚ್ಚಿ ತೆರೆದು ಪರೀಕ್ಷಿಸುವರು. ಬಲವಿರುವಾಗ ತೆರೆದಿದ್ದು, ಬಲಗುಂದಿದಾಗ ಮುಚ್ಚಿಕೊಳ್ಳುವುದು ಕವಾಟದ ಧರ್ಮ. ಆ ಧರ್ಮ ತಪ್ಪದಂತೆ ನೋಡಿಕೊಳ್ಳುವುದು ಮನುಷ್ಯನ ಕಾಯಕ.