ಕದಲದ ಗೇರುಹಿಡಿ

ಸ್ವಯಂಚಾಲಿತ ಗೇರಿನ ಮೋಟಾರು ಕಾರೊಂದು ನಿಂತಿದೆಯೆಂದು ಭಾವಿಸೋಣ. ಇಂಜಿನು ಸರಿಯಾಗಿಯೇ ನಡೆಯುತ್ತಿದೆ, ಪೆಟ್ರೋಲಿಗೂ ಕೊರತೆಯಿಲ್ಲ. ಆದರೆ ಗೇರಿನ ಹಿಡಿ ಮಾತ್ರ ನಿಲುಗಡೆಯ ಸ್ಥಾನವಾದ ‘ಪಿ’ಯಿಂದ ಎಳ್ಳಷ್ಟೂ ಕದಲದು. ಇಂಥ ಸಮಯದಲ್ಲಿ ಬಲವನ್ನೆಲ್ಲ ಬಿಟ್ಟು ಜಗ್ಗುವುದು ಮನುಷ್ಯಸ್ವಭಾವ; ಹಾಗೆ ಜಗ್ಗಿ ಹಿಡಿಯನ್ನೋ ಕೇಬಲನ್ನೋ ಮುರಿದುಕೊಳ್ಳುವುದೂ ಉಂಟು. ಜಗ್ಗುವ ಮೊದಲು ಒಂದು ವಿಷಯವನ್ನು ನಾವು ತಿಳಿದಿರಬೇಕು. ಈ ಹಿಡಿಯನ್ನು ಕಟ್ಟಿಹಾಕಬಲ್ಲ ಬೀಗಗಳು ಎರಡು. ಒಂದು ಗೇರುಪೆಟ್ಟಿಗೆಯ ಒಡಲಿನಲ್ಲಿದೆ, ಇನ್ನೊಂದು ಹಿಡಿಯ ಬುಡದಲ್ಲಿದೆ. ಯಾವ ಬೀಗವು ಸಿಕ್ಕಿಕೊಂಡಿದೆಯೆಂಬುದನ್ನು ನಿರ್ಣಯಿಸುವುದೇ ರೋಗಪರೀಕ್ಷೆಯ ಮೊದಲ ಹೆಜ್ಜೆ.

ಮೊದಲನೆಯ ಬೀಗ

ಗೇರುಪೆಟ್ಟಿಗೆಯಿಂದ ಗಾಲಿಗಳಿಗೆ ಶಕ್ತಿಯನ್ನು ಒಯ್ಯುವ ದಂಡದ ಮೇಲೆ ಒಂದು ಹಲ್ಲುಚಕ್ರವಿರುತ್ತದೆ. ಹಿಡಿಯನ್ನು ‘ಪಿ’ಗೆ ತಂದೊಡನೆ ಉಕ್ಕಿನ ಕೊಕ್ಕೆಯೊಂದು ಎರಡು ಹಲ್ಲುಗಳ ನಡುವಣ ಸಂದಿಗೆ ಇಳಿದು ಚಕ್ರವನ್ನು ತಿರುಗದಂತೆ ತಡೆಯುತ್ತದೆ. ಸಮನೆಲದಲ್ಲಿ ಈ ಕೊಕ್ಕೆಗೆ ಹೆಚ್ಚಿನ ಶ್ರಮವಿಲ್ಲ. ಇಳಿಜಾರಿನಲ್ಲಿ ಕೈಬ್ರೇಕನ್ನು ಹಾಕದೆ ನಿಲ್ಲಿಸಿದರೆ ಏನಾಗುವುದೆಂಬುದನ್ನು ಲೆಕ್ಕಹಾಕಿ ನೋಡೋಣ.

ಕಾರಿನ ತೂಕ 1,200 ಕಿಲೋಗ್ರಾಂ. ರಸ್ತೆಯು 10 ಮೀಟರಿಗೆ 1 ಮೀಟರಿನಂತೆ ಏರುತ್ತಿದೆ. ಆಗ ಕಾರನ್ನು ಕೆಳಕ್ಕೆ ಸೆಳೆಯುವ ಬಲ ಸುಮಾರು 120 ಕಿಲೋಗ್ರಾಂ ತೂಕದಷ್ಟು. ಗಾಲಿಯ ತ್ರಿಜ್ಯ 30 ಸೆಂಟಿಮೀಟರ್ ಆದರೆ ಗಾಲಿಯನ್ನು ತಿರುಗಿಸುವ ಪರಿಣಾಮ 120 × 30, ಅಂದರೆ 3,600. ಗಾಲಿ ಒಮ್ಮೆ ತಿರುಗುವಷ್ಟರಲ್ಲಿ ದಂಡವು 3.6 ಸಲ ತಿರುಗುವುದಾದರೆ ದಂಡದ ಪಾಲಿಗೆ ಬರುವುದು 1,000. ಕೊಕ್ಕೆಯು ದಂಡದ ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಒತ್ತಡ 200 ಕಿಲೋಗ್ರಾಂ ತೂಕದಷ್ಟಾಯಿತು! ಇಷ್ಟು ಒತ್ತಡದಲ್ಲಿ ಹುದುಗಿದ ಕೊಕ್ಕೆಯು ಘರ್ಷಣೆಯಿಂದ ಬಿಗಿಯುವುದರಲ್ಲಿ ಆಶ್ಚರ್ಯವಿಲ್ಲ.

ಇಳಿಜಾರಿನಲ್ಲಿ ಮಾತ್ರ ಹಿಡಿ ಬಿಗಿಯುವುದು, ಬಿಟ್ಟುಕೊಂಡಾಗ ‘ಧಡ್’ ಎಂಬ ಸದ್ದಾಗುವುದು, ಇವು ಈ ಬೀಗದ ಲಕ್ಷಣಗಳು. ಇನ್ನೊಂದು ಗಾಡಿಯಿಂದ ಕಾರನ್ನು ಮೇಲ್ಬದಿಗೆ ಕೊಂಚ ಎಳೆಸಿದರೆ ಕೊಕ್ಕೆಯ ಮೇಲಿನ ಭಾರ ಇಳಿಯುವುದು. ಆಗ ಚಾಲಕನು ಬ್ರೇಕನ್ನು ಒತ್ತಿ ಹಿಡಿದಿರಬೇಕು; ಇಳಿಜಾರಿನ ಬದಿಯಲ್ಲಿ ಯಾರೂ ನಿಲ್ಲಬಾರದು. ನಿಲ್ಲಿಸುವಾಗಲೇ ಮೊದಲು ಕೈಬ್ರೇಕನ್ನು ಹಾಕಿ, ಅನಂತರ ‘ಪಿ’ಗೆ ತಂದರೆ ಈ ತೊಂದರೆಯೇ ಬಾರದು.

ಎರಡನೆಯ ಬೀಗ

ಇದರ ಹುಟ್ಟಿಗೆ ಒಂದು ಇತಿಹಾಸವಿದೆ. 1980ರ ದಶಕದಲ್ಲಿ ಅಮೆರಿಕಾ ದೇಶದಲ್ಲಿ, ‘ಪಿ’ಯಿಂದ ಹಿಡಿಯನ್ನು ಸರಿಸಿದೊಡನೆ ಕಾರು ತಾನಾಗಿ ನುಗ್ಗಿತೆಂಬ ದೂರುಗಳು ಬಂದುವು, ಆಡಿ 5000 ಎಂಬ ಮಾದರಿಯ ಹೆಸರು ಅವುಗಳಲ್ಲಿ ಮುಖ್ಯವಾಗಿ ಕೇಳಿಬಂದಿತು. ಇಂಥ ಪ್ರಸಂಗಗಳಲ್ಲಿ ಹೆಚ್ಚಿನವು ಚಾಲಕನ ಕಾಲು ಬ್ರೇಕಿನ ಬದಲು ವೇಗದ ಪೆಡಲಿನ ಮೇಲೆ ಬಿದ್ದುದರಿಂದಲೇ ಆದುವೆಂದು ಅಲ್ಲಿನ ಸರಕಾರದ 1989ರ ವರದಿಯು ನಿರ್ಣಯಿಸಿತು. ಬ್ರೇಕನ್ನು ಒತ್ತದ ಹೊರತು ಹಿಡಿ ಕದಲಬಾರದೆಂಬ ಏರ್ಪಾಡನ್ನು ಆಡಿ ಕಾರುಗಳಿಗೆ 1987ರಲ್ಲಿಯೇ ಅಳವಡಿಸತೊಡಗಿದ್ದರು. 2010ರ ಸೆಪ್ಟೆಂಬರಿನಿಂದ ತಯಾರಾಗುವ, ‘ಪಿ’ ಸ್ಥಾನವುಳ್ಳ ಹಗುರ ವಾಹನಗಳಿಗೆ ಇದನ್ನು ಅಮೆರಿಕಾ ಕಡ್ಡಾಯಗೊಳಿಸಿತು. ಕಾರಿನೊಳಗೆ ಆಡುವ ಮಗುವು ಹಿಡಿಯನ್ನೆಳೆದು ಗಾಡಿಯನ್ನು ಉರುಳಿಸುವ ಅಪಾಯವೂ ಇದರಿಂದ ತಗ್ಗಿತು.

ಇದರ ಕ್ರಮ ಸರಳ. ಬ್ರೇಕಿನ ಪೆಡಲನ್ನು ಒತ್ತಿದಾಗ ಅದರ ಬಳಿಯ ಸ್ವಿಚ್ಚು ಮುಚ್ಚಿಕೊಂಡು, ಹಿಂಬದಿಯ ಬ್ರೇಕು ದೀಪಗಳನ್ನು ಬೆಳಗಿಸುತ್ತದೆ. ಅದೇ ಸೂಚನೆಯು ಹಿಡಿಯ ಬುಡದಲ್ಲಿರುವ ಸೊಲೆನಾಯ್ಡಿಗೂ, ಎಂದರೆ ವಿದ್ಯುತ್ಕಾಂತದ ಸುರುಳಿಗೂ ತಲಪುತ್ತದೆ. ಸುರುಳಿಯು ಕಾಂತವಾಗಿ ಕಬ್ಬಿಣದ ಗೂಟವನ್ನು ಸೆಳೆದೊಡನೆ ಹಿಡಿ ಬಿಡುಗಡೆಯಾಗುತ್ತದೆ.

ಪರೀಕ್ಷೆಯ ಕ್ರಮ

ಈ ಸರಪಣಿಯನ್ನು ಒಂದೊಂದೇ ಕೊಂಡಿಯಾಗಿ ಪರೀಕ್ಷಿಸೋಣ. ಕೈಬ್ರೇಕನ್ನು ಹಾಕಿ, ಚಾವಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಬ್ರೇಕನ್ನು ಒತ್ತಿ, ಹಿಂದಿನ ದೀಪಗಳನ್ನು ಇನ್ನೊಬ್ಬರಿಂದ ನೋಡಿಸಬೇಕು. ಯಾವ ದೀಪವೂ ಕಾರಿನಲ್ಲಿ ಬೆಳಗದಿದ್ದರೆ ದೋಷವು ಬ್ಯಾಟರಿಯಲ್ಲಿರಬಹುದು. ಉಳಿದವು ಬೆಳಗಿ ಬ್ರೇಕು ದೀಪಗಳಷ್ಟೇ ಬೆಳಗದಿದ್ದರೆ? ಎಲ್ಲ ಬುರುಡೆಗಳೂ ಒಮ್ಮೆಗೇ ಕೆಡುವುದು ಅಪೂರ್ವ. ಆದುದರಿಂದ ಅವೆಲ್ಲಕ್ಕೂ ಸಮಾನವಾದ ಸ್ವಿಚ್ಚನ್ನೋ ಫ್ಯೂಸನ್ನೋ ಸಂಶಯಿಸಬೇಕು. ದೀಪಗಳು ಬೆಳಗಿದರೆ ಹಿಡಿಯ ಬುಡಕ್ಕೆ ಕಿವಿಗೊಡಬೇಕು. ‘ಟಿಕ್’ ಎಂಬ ಸದ್ದು ಕೇಳದಿದ್ದರೆ ಸೊಲೆನಾಯ್ಡ್ ಅಥವಾ ಅದರ ತಂತಿ ಕೆಟ್ಟಿರಬಹುದು. ಸದ್ದು ಕೇಳಿಯೂ ಹಿಡಿ ಕದಲದಿದ್ದರೆ ದೋಷವು ಯಾಂತ್ರಿಕವಾದುದು: ಚೆಲ್ಲಿದ ಕಾಫಿಯ ಸಕ್ಕರೆ ಅಂಟಿರಬಹುದು, ಗುಂಡಿಯು ಮುರಿದಿರಬಹುದು, ಇಲ್ಲವೆ ಮೊದಲನೆಯ ಬೀಗವೇ ಬಿಗಿದಿರಬಹುದು. ಹಿಡಿ ಸರಾಗವಾಗಿ ಸರಿದೂ ಗೇರು ‘ಪಿ’ಯಲ್ಲಿಯೇ ಉಳಿದರೆ ನಡುವಣ ಕೇಬಲು ಕಳಚಿದೆಯೆಂದು ತಿಳಿಯಬೇಕು.

ಹಿಡಿಗೂ ಗೇರುಪೆಟ್ಟಿಗೆಗೂ ಕೇಬಲಿರುವ ಕಾರುಗಳಿಗೆ ಮಾತ್ರ ಈ ವಿವರಣೆಯೆಲ್ಲ ಅನ್ವಯಿಸುತ್ತದೆ. ಕೇವಲ ವಿದ್ಯುತ್ ಸೂಚನೆಯಿಂದ ಗೇರು ಬದಲಾಗುವ ಹೊಸ ಮಾದರಿಗಳ ಪರೀಕ್ಷೆ ಬೇರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ‘ಏ.ಎಂ.ಟಿ.’ ಬಗೆಯ ಹಲವು ಕಾರುಗಳಲ್ಲಿ ‘ಪಿ’ ಸ್ಥಾನವೇ ಇಲ್ಲ.

ತುರ್ತು ಬಿಡುಗಡೆ

ಅನೇಕ ಕಾರುಗಳಲ್ಲಿ ಹಿಡಿಯ ಪಕ್ಕದಲ್ಲಿ ಸಣ್ಣದೊಂದು ಮುಚ್ಚಳವಿರುತ್ತದೆ. ಕೈಬ್ರೇಕನ್ನು ಹಾಕಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು, ಮುಚ್ಚಳದಡಿಯ ರಂಧ್ರದಲ್ಲಿ ಕಡ್ಡಿಯಂಥ ಸಾಧನವನ್ನು ಅದುಮಿದರೆ ಎರಡನೆಯ ಬೀಗವು ಕೈಯಿಂದಲೇ ತೆರೆಯುತ್ತದೆ. ಇದರ ವಿವರಗಳನ್ನು ಆಯಾ ಕಾರಿನ ಕೈಪಿಡಿಯಲ್ಲಿ ನೋಡಬೇಕು.

ಆದರೆ ಬೀಗ ತೆರೆದ ಮಾತ್ರಕ್ಕೆ ರೋಗ ವಾಸಿಯಾಗಲಿಲ್ಲ. ದೋಷವು ಸ್ವಿಚ್ಚಿನಲ್ಲಿದ್ದರೆ ಬ್ರೇಕು ದೀಪಗಳೂ ಸತ್ತಿರುತ್ತವೆ. ಹಿಂದೆ ಬರುವವನಿಗೆ ನಾವು ನಿಲ್ಲುತ್ತಿರುವೆವೆಂಬ ಸೂಚನೆ ದೊರೆಯದು. ಮುಂಭಾಗದಲ್ಲಿ ಕುಳಿತ ಚಾಲಕನಿಗೆ ಕಾಣದ ಈ ಅಪಾಯವನ್ನು ಕದಲದ ಹಿಡಿಯೇ ಮೊದಲು ತಿಳಿಸಿರುತ್ತದೆ. ಆದುದರಿಂದ ಬಿಡುಗಡೆ ಮಾಡಿದವರು ದಾರಿ ಹಿಡಿಯುವ ಮೊದಲು ಹಿಂದಿನ ದೀಪಗಳನ್ನು ನೋಡಬೇಕು. ಅವು ಬೆಳಗದಿದ್ದಲ್ಲಿ ಅವನ್ನು ದುರಸ್ತಿ ಮಾಡಿಸದೆ ಹೊರಡಬಾರದು.